ರಕ್ತರಾತ್ರಿಗೆ ಮೊದಲೇ ಮಂಗಳವೆ?

— ಆಟಿಯ ತಾಳಮದ್ದಳೆ ಕೂಟಕ್ಕೆ ನಾವು ಹೆಂಗಸರು ಸೇರಿ ಎರಡು ಪ್ರಸಂಗ ಇಟ್ಟುಕೊಂಡದ್ದು ಮಾಷ್ಟ್ರೆ. ಮೊದಲು ಗದಾಯುದ್ಧ, ಅದರ ಬೆನ್ನಿಗೇ ರಕ್ತರಾತ್ರಿ. ಎರಡನೆಯದು ಬೇಡ ಅಂತ ನೀವು ಭಾಗವತರ ಹತ್ತಿರ ಹೇಳಿದಿರಂತೆ. ಎಂತಕ್ಕೆ?

— ಹೇಳಿದ್ದು ಹೌದು. ಹೊತ್ತಾಗುತ್ತದೆ ಅಂತ ಅಲ್ಲ. ಗದಾಯುದ್ಧ ಮುಗಿಯುವಾಗ ಸಭೆ ಹೇಗೆ ಕೂತಿರುತ್ತದೆ, ನೀನೇ ನೋಡಿದ್ದೀಯಲ್ಲ. ತಮ್ಮಂದಿರು, ಮಗ, ದ್ರೋಣ, ಕರ್ಣ ಎಲ್ಲರನ್ನೂ ಕಳಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ಮೂದಲಿಕೆ ತಡೆಯಲಾರದೆ ಮೇಲೆ ಬರುತ್ತಾನೆ. ಭೀಮನಿಗೆ ಸಮವಾಗಿ ಹೋರಾಡುತ್ತಾನೆ. ನಿಯಮ ಮೀರಿದ ಒಂದು ಪೆಟ್ಟಿಗೆ ತೊಡೆ ಮುರಿದು ಬೀಳುತ್ತಾನೆ. ಅಷ್ಟು ಹೊತ್ತು ಅವನನ್ನು ಶಪಿಸುತ್ತ ಕೂತವರೂ ಆಗ ಒಂದು ಮಾತು ಆಡುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಕೌರವನನ್ನು ಕೇಳಿ ಬೆಳೆದ ತಲೆಮಾರು ನಮ್ಮದು. ಆ ಒಂದು ದುಃಖಕ್ಕಾಗಿ ರಾತ್ರಿಯಿಡೀ ಕಾದು ಕೂರುತ್ತಿದ್ದೆವು. ಅದರ ಮೇಲೆ ನಡುರಾತ್ರಿಯ ಕೊಲೆ, ಕತ್ತರಿಸಿದ ತಲೆ ತಂದು ಹಾಕಿದರೆ ಜನ ಮನೆಗೆ ಹೋಗುವಾಗ ಮನಸ್ಸಿನಲ್ಲಿ ಯಾವುದು ಉಳಿಯಬೇಕು?

— ಎರಡೂ ಉಳಿಯಲಿ.

— ಉಳಿಯುವುದಿಲ್ಲ ಮಗಳೆ. ಹೆದರಿಕೆ ಬಂದ ಕಡೆ ದುಃಖ ನಿಲ್ಲುವುದಿಲ್ಲ. ಈಗಿನ ಸಿನಿಮಾಗಳನ್ನು ನೋಡು. ಒಂದು ಕಥೆ ಚೆನ್ನಾಗಿ ಓಡಿತು ಅಂದರೆ ಅದಕ್ಕೊಂದು ಎರಡನೇ ಭಾಗ. ಸತ್ತವರು ಎದ್ದು ಬರುತ್ತಾರೆ, ಕತ್ತಲಲ್ಲಿ ಬಾಗಿಲು ಬಡಿಯುತ್ತದೆ. ಮೊದಲಿನದ್ದಕ್ಕೆ ಅತ್ತವರು ಎರಡನೆಯದಕ್ಕೆ ಕಿರುಚುತ್ತಾರೆ. ಯಾರಿಗಾಗಿ ಅತ್ತೆವು ಎಂಬುದೇ ಮರೆತುಹೋಗುತ್ತದೆ.

— ಹಾಗಾದರೆ ರನ್ನನನ್ನು ಎಂತ ಮಾಡುತ್ತೀರಿ? ಅವನ ದುರ್ಯೋಧನ ಸಂಜಯನ ಜೊತೆ ಭೀಷ್ಮರನ್ನು ಕಾಣಲು ರಣರಂಗದ ನಡುವೆ ನಡೆದು ಹೋಗುತ್ತಾನಲ್ಲ. ಕಾಲಿಟ್ಟಲ್ಲೆಲ್ಲ ಹೆಣ, ರಕ್ತ. ಮರುಳುಗಳು ಅವನನ್ನು ತಡೆದು ಅಣಕಿಸುತ್ತವೆ. ಆಮೇಲೆ ದ್ರೋಣರ ಶವ, ದುಶ್ಶಾಸನನ ಶವ, ಮಗ ಲಕ್ಷಣಕುಮಾರನದ್ದು, ಕರ್ಣನದ್ದು. ಅಭಿಮನ್ಯುವಿನ ಶವದ ಮುಂದೆಯೂ ನಿಂತು ಅವನು ಹೊಗಳುತ್ತಾನೆ. ಸಾವಿರ ವರ್ಷದ ಹಿಂದೆ ಮುಧೋಳದ ಕವಿಗೆ ಹೆದರಿಕೆ ಮತ್ತು ದುಃಖ ಒಂದೇ ದಾರಿಯಲ್ಲಿ ಸಿಕ್ಕಿದವು. ಮರುಳುಗಳನ್ನು ತೆಗೆದುಹಾಕಿ ಓದಿ ನೋಡಿ, ಆ ನಡಿಗೆಯ ಕಸುವೇ ಹೋಗುತ್ತದೆ.

— ರನ್ನನ ಆ ಭಾಗವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಲ್ಲಿ ಹೆದರಿಸಲಿಕ್ಕೆಂದು ಮರುಳು ಬಂದದ್ದಲ್ಲ. ಆ ಹೆಣಗಳ ರಾಶಿ ದುರ್ಯೋಧನ ತಾನೇ ಮಾಡಿಸಿದ್ದು. ಅದನ್ನು ದಾಟದೆ ಅವನಿಗೆ ಮುಂದೆ ದಾರಿ ಇಲ್ಲ. ಅವನ ಲೆಕ್ಕ ಅವನ ಕಣ್ಣ ಮುಂದೆ ಬಿದ್ದಿದೆ. ಅಂಥ ಭಯಕ್ಕೆ ನನ್ನ ತಕರಾರಿಲ್ಲ.

— ರಕ್ತರಾತ್ರಿಯೂ ಲೆಕ್ಕವೇ ಮಾಷ್ಟ್ರೆ. ಒಂದು ವ್ಯತ್ಯಾಸ ಅಷ್ಟೆ. ಲೆಕ್ಕ ತೀರಿಸುವವರು ಅಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದವರು. ಅದರ ಕಥೆ ಇರುವ ಸೌಪ್ತಿಕ ಪರ್ವವನ್ನು ಈ ಮಳೆಗಾಲದಲ್ಲಿ ಕೂತು ಓದಿದೆ. ಆಲದ ಮರದಲ್ಲಿ ಮಲಗಿದ ಕಾಗೆಗಳನ್ನು ಒಂದು ಗೂಬೆ ಬಂದು ಕೊಲ್ಲುವುದನ್ನು ಅಶ್ವತ್ಥಾಮ ನೋಡುತ್ತಾನೆ. ಅಲ್ಲಿಂದ ಅವನಿಗೆ ಉಪಾಯ ಹೊಳೆಯುವುದು. ಮಲಗಿದವರನ್ನು ಕೊಲ್ಲುವುದು ಧರ್ಮವಲ್ಲ ಅಂತ ಸೋದರಮಾವ ಕೃಪ ಹೇಳುತ್ತಾನೆ, ಕೇಳುವುದಿಲ್ಲ. ಶಿಬಿರದ ಬಾಗಿಲಲ್ಲಿ ಒಂದು ಭಯಂಕರ ಭೂತ ನಿಂತಿದೆ, ಇವನ ಆಯುಧಗಳನ್ನೆಲ್ಲ ನುಂಗುತ್ತದೆ. ಕೊನೆಗೆ ತನ್ನನ್ನೇ ಬೆಂಕಿಗೆ ಕೊಟ್ಟುಕೊಳ್ಳಲು ಹೊರಟಾಗ ಶಿವ ಖಡ್ಗ ಕೊಟ್ಟು ಇವನ ದೇಹದೊಳಗೆ ಹೊಗುತ್ತಾನೆ. ಧೃಷ್ಟದ್ಯುಮ್ನನಿಗೆ ಆಯುಧದ ಸಾವೂ ಸಿಗುವುದಿಲ್ಲ, ತುಳಿದು ಕೊಲ್ಲುತ್ತಾನೆ. ಓಡಿ ಹೊರಗೆ ಬಂದವರನ್ನು ಬಾಗಿಲಲ್ಲಿ ಕೃಪ, ಕೃತವರ್ಮ ಕಡಿಯುತ್ತಾರೆ. ಬೇಡ ಅಂತ ಹೇಳಿದ ಅದೇ ಕೃಪ! ಯುದ್ಧ ಶುರುವಾದಂದಿನಿಂದ ಕನಸಿನಲ್ಲಿ ಕಾಣುತ್ತಿದ್ದ ಕಾಳರಾತ್ರಿಯನ್ನು ಶಿಬಿರದವರು ಆವತ್ತು ಎದುರಿಗೇ ಕಾಣುತ್ತಾರೆ, ಕೈಯಲ್ಲಿ ಪಾಶ ಹಿಡಕೊಂಡವಳನ್ನು. ಈಗಿನ ಯಾವ ಹಾರರ್ ಸಿನಿಮಾದಲ್ಲಿ ಇಷ್ಟು ಉಂಟು?

— ಇಲ್ಲ, ಒಪ್ಪುತ್ತೇನೆ. ಆದರೆ ಅದು ವ್ಯಾಸರ ಕೈಯಲ್ಲಿ. ಹೊಸಬರು ಅದನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದು ನನ್ನ ಚಿಂತೆ. ನಾನು ಸಣ್ಣ ಪ್ರಾಯದಲ್ಲಿ ಬಾಗಲಕೋಟೆ ಕಡೆ ಕೆಲಸದಲ್ಲಿದ್ದೆ. ಕಂದಗಲ್ ಹನುಮಂತರಾಯರ ಊರಿನ ಸೀಮೆ ಅದು. ಅವರ ‘ರಕ್ತರಾತ್ರಿ’ ನಾಟಕ ಅಲ್ಲಿನ ಹಳ್ಳಿಗಳಲ್ಲಿ ಜಾತ್ರೆಗೆ ಆಡುತ್ತಾರೆ. ರೈತರೇ ಪಾತ್ರಧಾರಿಗಳು. ಶಕುನಿಯ ಮಾತಿಗೆ ಸಭೆ ಎದ್ದು ಚಪ್ಪಾಳೆ ಹೊಡೆಯುತ್ತದೆ. ಅಂಥ ಮಾತು ಬರೆಯುವ ಶಕ್ತಿ ಇದ್ದ ಕವಿ ಅವರು, ಕರ್ನಾಟಕದ ಶೇಕ್ಸ್‌ಪಿಯರ್ ಅಂತ ಜನ ಕರೆದದ್ದು ಸುಮ್ಮನೆ ಅಲ್ಲ. ಆದರೆ ಆ ಚಪ್ಪಾಳೆ ನಡುವೆ ನನಗೆ ಒಂದು ಕಸಿವಿಸಿ ಆಗುತ್ತಿತ್ತು. ಕೊಲೆಯ ರಾತ್ರಿಗೆ ಚಪ್ಪಾಳೆ ಬರಬಹುದೋ?

— ಚಪ್ಪಾಳೆ ಮಾತಿಗೆ ಬಂದದ್ದಲ್ಲವೋ, ಕೊಲೆಗಲ್ಲ.

— ಇರಬಹುದು. ಸಭೆ ಅದನ್ನು ಬೇರೆ ಮಾಡಿ ನೋಡುತ್ತದೋ ಇಲ್ಲವೋ, ಅದು ನನ್ನ ಸಂಶಯ. ಅದಕ್ಕೇ ನನಗೆ ಕುವೆಂಪು ಹೆಚ್ಚು ಹತ್ತಿರ. ‘ಸ್ಮಶಾನ ಕುರುಕ್ಷೇತ್ರಂ’ 1931ರದ್ದು. ಅವರೂ ಯುದ್ಧ ಮುಗಿದ ಮೇಲಿನ ರಾತ್ರಿಗೇ ಹೋದರು. ಕಲಿ, ದ್ವಾಪರರೇ ಪಾತ್ರಗಳಾಗಿ ಬಂದು ಮಾತಾಡುತ್ತಾರೆ. ಒಂದು ಯುಗ ಇನ್ನೊಂದಕ್ಕೆ ದಾರಿ ಬಿಡುವ ಹೊತ್ತು. ಹೆಣಗಳ ನಡುವೆ ತಮ್ಮವರನ್ನು ಹುಡುಕಿಕೊಂಡು ಬರುವವರ ಸಂಕಟ ಅಲ್ಲಿ ದೊಡ್ಡದು. ಯಾರು ಗೆದ್ದರು ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ.

— ನನಗೆ ಆ ನಾಟಕ ಸ್ವಲ್ಪ ದೂರ ಅನಿಸಿತು. ಯುಗಗಳು ಮಾತಾಡುವಾಗ ಮನುಷ್ಯರು ಸಣ್ಣವರಾಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿ.ಎಂ.ಶ್ರೀ.ಯವರ ‘ಅಶ್ವತ್ಥಾಮನ್’. ಪಂಚಾಯತಿನ ಲೈಬ್ರರಿಯಲ್ಲಿ ಹಳೇ ಪ್ರತಿ ಇತ್ತು. 1926ರಲ್ಲಿ ರನ್ನನ ಕಾವ್ಯವನ್ನೇ ಎತ್ತಿಕೊಂಡು ಗದಾಯುದ್ಧದ ನಾಟಕ ಮಾಡಿದವರು, ಮೂರು ವರ್ಷ ಬಿಟ್ಟು ಅದರ ಮುಂದಿನ ಕಥೆಗೆ ಬಂದಿದ್ದಾರೆ ನೋಡಿ. ನಾವು ಆಟಿಯಲ್ಲಿ ಮಾಡಹೊರಟ ಜೋಡಿಯೇ ಅದು.

— ಆಗ ಎಷ್ಟು ಜನ ಓದುಗರು ಆ ನಾಟಕಕ್ಕೆ ಆಕ್ಷೇಪ ಎತ್ತಿದರು ಗೊತ್ತುಂಟಾ? ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಇಲ್ಲಿಗೆ ತಂದು, ಅಶ್ವತ್ಥಾಮನನ್ನು ಏಜಾಕ್ಸನ ಜಾಗದಲ್ಲಿ ನಿಲ್ಲಿಸಿದರು. ಗ್ರೀಕ್ ವೀರನಿಗೆ ದೇವತೆ ಬುದ್ಧಿಭ್ರಮೆ ಕೊಡುತ್ತಾಳೆ. ಶತ್ರುಗಳೆಂದು ತಿಳಿದು ದನಕುರಿಗಳನ್ನು ಕಡಿಯುತ್ತಾನೆ. ಭ್ರಮೆ ಇಳಿದಾಗ ನಾಚಿಕೆ ತಾಳದೆ ತನ್ನ ಖಡ್ಗಕ್ಕೆ ತಾನೇ ಬಿದ್ದು ಸಾಯುತ್ತಾನೆ. ಆ ಸಾವನ್ನು ಚಿರಂಜೀವಿ ಅಶ್ವತ್ಥಾಮನಿಗೆ ಕೊಡುವುದೋ? ಬೆಳಿಗ್ಗೆ ಎದ್ದು ಏಳು ಚಿರಂಜೀವಿಗಳ ಹೆಸರು ಹೇಳುವ ಮನೆಗಳಲ್ಲಿ ಹುಟ್ಟಿದವರಿಗೆ ಅದು ಹೇಗೆ ಒಪ್ಪಿಗೆಯಾದೀತು? ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಕೃಷ್ಣನ ಶಾಪ ಏನು? ಮೂರು ಸಾವಿರ ವರ್ಷ, ಮೈಯಿಂದ ಕೀವು ರಕ್ತ ಸೋರುತ್ತ, ಮಾತಾಡಲಿಕ್ಕೆ ಒಬ್ಬರೂ ಇಲ್ಲದೆ ಕಾಡಿನಲ್ಲಿ ತಿರುಗು ಅಂತ. ಆ ಶಾಪದ ಭಾರವನ್ನೇ ತೆಗೆದುಬಿಟ್ಟರೆ ಕಥೆಗೆ ಎಂತ ಉಳಿಯಿತು?

— ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಬಿ.ಎಂ.ಶ್ರೀ. ಅವನಿಗೆ ಕೊಟ್ಟದ್ದು ಕರುಣೆ. ನೀವು ಇಲ್ಲಿಯವರು ಮಾಷ್ಟ್ರೆ, ನಮ್ಮ ಪಂಜದ ಕಥೆಯನ್ನೇ ಎದುರಿಗಿಟ್ಟುಕೊಂಡು ಯೋಚನೆ ಮಾಡಿ. ಕೋಟಿ ಚೆನ್ನಯರು ಪಡುಮಲೆ ಬಿಟ್ಟು ಬಂದದ್ದು ಎಲ್ಲಿಗೆ? ಅಕ್ಕ ಕಿನ್ನಿದಾರು ಇದ್ದ ಪಂಜಕ್ಕೆ. ಆಶ್ರಯ ಕೇಳಿದವರನ್ನು ಸೆರೆಗೆ ಹಾಕಿದ್ದು ಯಾರು? ಪಂಜದ ಕೇಮರ ಬಲ್ಲಾಳನ ಅರಮನೆ, ಅವನ ಕಡೆಯ ಚಂದುಗಿಡಿಯ ಕುತಂತ್ರ. ಅಲ್ಲಿಂದ ತಪ್ಪಿಸಿಕೊಂಡು ಎಣ್ಮೂರಿಗೆ ಹೋದರು, ದೇವ ಬಲ್ಲಾಳ ಜಾಗ ಕೊಟ್ಟ. ಕೊನೆಗೆ ಯುದ್ಧ ಅಲ್ಲೇ. ಕೋಟಿ ಬಾಣ ತಾಗಿ ಬಿದ್ದ, ಅಣ್ಣ ಇಲ್ಲದ ಮೇಲೆ ಚೆನ್ನಯನೂ ಉಳಿಯಲಿಲ್ಲ. ಇದಕ್ಕಿಂತ ದೊಡ್ಡ ದುರಂತ ಯಾವ ದೇಶದಲ್ಲಿ ಉಂಟು? ಅದರ ಮುಂದಿನ ಕಥೆಯನ್ನು ನಮ್ಮ ಹಿರಿಯರು ಹೇಗೆ ಕಟ್ಟಿದರು ಹೇಳಿ.

— ಅವರು ದೈವಗಳಾದರು. ಎಣ್ಮೂರಿನಲ್ಲಿ ಆದಿ ಗರಡಿ ಉಂಟು. ತುಳುನಾಡಿಡೀ ಗರಡಿಗಳಾದವು.

— ಹೌದಲ್ಲ. ಅನ್ಯಾಯದಲ್ಲಿ ಸತ್ತವರು ಹೆದರಿಸುವ ಪ್ರೇತಗಳಾಗಿ ತಿರುಗಿ ಬರಲಿಲ್ಲ. ನೇಮದ ದಿನ ಬಂದು ಅಭಯ ಕೊಡುತ್ತಾರೆ. ಅವರನ್ನು ಸೆರೆಗೆ ಹಾಕಿದ ಸೀಮೆಯವರೂ ಕೈ ಮುಗಿದು ನಿಲ್ಲುತ್ತೇವೆ. ನಮ್ಮ ನೆಲದಲ್ಲಿ ದುರಂತಕ್ಕೆ ಎರಡನೇ ಭಾಗ ಅಂದರೆ ಅದು. ಸತ್ತವರಿಗೆ ಒಂದು ಜಾಗ, ಒಂದು ದಿನ, ದೂರು ಹೇಳಿಕೊಳ್ಳಲಿಕ್ಕೆ ಒಂದು ಸಭೆ ಕೊಟ್ಟಿದ್ದೇವೆ. ಅಶ್ವತ್ಥಾಮನಿಗೆ ಇದು ಯಾವುದೂ ಇಲ್ಲ. ಸಾಯದವನಿಗೆ ಗರಡಿ ಕಟ್ಟುವುದು ಹೇಗೆ, ನೇಮ ಕೊಡುವುದು ಹೇಗೆ? ಅವನ ಮಾತನ್ನು ಕೇಳುವವರು ಇಲ್ಲ. ರಕ್ತ ಕೀವಿಗಿಂತ ಅದು ದೊಡ್ಡ ಭಯ. ಬಿ.ಎಂ.ಶ್ರೀ. ಸಾವು ಕೊಟ್ಟು ಅವನನ್ನು ಮನುಷ್ಯರ ಸಾಲಿಗೆ ತಂದರು ಅಂತ ನನಗೆ ಕಂಡಿತು.

— ...ಹಾಗೆ ನಾನು ನೋಡಿರಲಿಲ್ಲ. ಆದರೂ ಒಂದು ಮಾತು. ಕೋಟಿ ಚೆನ್ನಯರು ಅನ್ಯಾಯಕ್ಕೆ ತುತ್ತಾದವರು. ಅಶ್ವತ್ಥಾಮ ಅನ್ಯಾಯ ಮಾಡಿದವ. ಇಬ್ಬರನ್ನೂ ಒಂದೇ ಚಪ್ಪರದಡಿ ನಿಲ್ಲಿಸಬೇಡ.

— ನಿಲ್ಲಿಸುವುದಿಲ್ಲ. ಅವನಿಗೆ ಕ್ಷಮೆ ಕೇಳುತ್ತಿಲ್ಲ ನಾನು. 2024ರಲ್ಲಿ ‘ಕಲ್ಕಿ’ ಸಿನಿಮಾ ಬಂತಲ್ಲ, ಅಮಿತಾಭ್ ಬಚ್ಚನ್ ಅಶ್ವತ್ಥಾಮ ಆದದ್ದು. ಅಲ್ಲಿ ಅವರು ಒಂದು ದಾರಿ ಹುಡುಕಿದ್ದಾರೆ. ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟವನು, ಯುಗ ಕಳೆದ ಮೇಲೆ ಇನ್ನೊಬ್ಬ ಹೆಂಗಸಿನ ಹೊಟ್ಟೆಯೊಳಗಿನ ಮಗುವನ್ನು ಕಾಯಬೇಕು. ಯೋಚನೆ ಒಳ್ಳೆಯದು. ಆದರೆ ಸಿನಿಮಾ ಪೂರ ಹೊಡೆದಾಟ. ಅವನು ಒಂದು ಗಳಿಗೆ ನಿಂತು, ತಾನು ಕೊಂದವರ ಹೆಸರು ಹೇಳುವುದನ್ನು ಕೇಳಬೇಕು ಅಂತ ನನಗೆ ಆಸೆ ಇತ್ತು. ಆಗಲಿಲ್ಲ.

— ಹೆಸರು ಯಾರಿಗೆ ನೆನಪಿದೆ? ದ್ರೌಪದಿಯ ಐದು ಮಕ್ಕಳನ್ನು ಉಪಪಾಂಡವರು ಅಂತ ಒಟ್ಟಿಗೆ ಹೇಳಿ ಮುಗಿಸುತ್ತೇವೆ.

— ಪ್ರತಿವಿಂಧ್ಯ, ಸುತಸೋಮ, ಶತಾನೀಕ, ಶ್ರುತಕರ್ಮ, ಶ್ರುತಕೀರ್ತಿ. ಸೌಪ್ತಿಕದಲ್ಲಿ ಅವರು ಮಲಗಿದಲ್ಲೇ ಸತ್ತದ್ದಲ್ಲ ಮಾಷ್ಟ್ರೆ. ಗದ್ದಲ ಕೇಳಿ ಏಳುತ್ತಾರೆ, ಹೋರಾಡುತ್ತಾರೆ. ನಕುಲನ ಮಗ ಶತಾನೀಕ ರಥದ ಚಕ್ರ ಎತ್ತಿ ಅಶ್ವತ್ಥಾಮನ ಮೇಲೆ ಎಸೆಯುತ್ತಾನೆ. ಅಭಿಮನ್ಯು ಚಕ್ರ ಹಿಡಿದದ್ದನ್ನು ಊರಿಗೆ ಊರೇ ಹಾಡುತ್ತದೆ, ಶತಾನೀಕನ ಚಕ್ರ ಯಾರಿಗೂ ಗೊತ್ತಿಲ್ಲ. ನಾನು ಕೇಳಿದ ಕೂಟಗಳಲ್ಲಿ ಆ ಹುಡುಗರಿಗೆ ಒಂದು ಮಾತೂ ಬರಲಿಲ್ಲ. ತಲೆಗಳಾಗಿ ಬರುತ್ತಾರೆ, ಅಷ್ಟೆ.

— ಶತಾನೀಕನ ವಿಷಯ ನನಗೂ ಹೊಸತು. ಆದರೆ ನನ್ನ ಮೂಲ ಪ್ರಶ್ನೆಗೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಇದೆಲ್ಲ ಅಶ್ವತ್ಥಾಮನ ಕಥೆ ಆಯಿತು. ಕೌರವನ ದುರಂತ ಅವನು ಬಿದ್ದಲ್ಲಿಗೆ ಪೂರ್ತಿಯಾಯಿತಲ್ಲ?

— ಬಿದ್ದದ್ದು ಹೌದು. ಸತ್ತನೋ?

— ಇಲ್ಲ. ತೊಡೆ ಮುರಿದು ಬಿದ್ದಿದ್ದಾನೆ.

— ಅಲ್ಲಿಗೆ ಮಂಗಳ ಹಾಡಿದರೆ, ಜೀವ ಇರುವ ಮನುಷ್ಯನನ್ನು ಬಯಲಲ್ಲಿ ಬಿಟ್ಟು ನಾವು ಮನೆಗೆ ಹೋದ ಹಾಗೆ. ಅವನು ಸಾಯುವುದು ರಕ್ತರಾತ್ರಿಯ ಕೊನೆಗೆ. ವ್ಯಾಸರಲ್ಲಿ ಅವನ ಕೊನೆ ಹೇಗೆ ಅಂತ ನಿಮಗೆ ಗೊತ್ತುಂಟು. ಅಶ್ವತ್ಥಾಮ ಬಂದು ಶಿಬಿರದಲ್ಲಿದ್ದವರನ್ನು ಕೊಂದೆ ಅಂತ ಸುದ್ದಿ ಹೇಳುತ್ತಾನೆ, ದುರ್ಯೋಧನ ಸಂತೋಷಪಟ್ಟು ಪ್ರಾಣ ಬಿಡುತ್ತಾನೆ. ನಮ್ಮ ಪಂಪ ಅದನ್ನು ಹಾಗೆ ಬಿಡಲಿಲ್ಲ. ಪಾಂಡವರ ತಲೆ ಅಂತ ತಂದು ತೋರಿಸಿದಾಗ ಬಿದ್ದವನು ನೋಡುತ್ತಾನೆ, ಇವು ಮಕ್ಕಳ ತಲೆ ಅಂತ ಗುರುತು ಹಿಡಿಯುತ್ತಾನೆ. ಎಂಥ ಪಾಪ ಮಾಡಿದೆ ಅಂತ ಕೊರಗುತ್ತಾನೆ. ಅರಗಿನ ಮನೆ ಕಟ್ಟಿಸಿದವನು, ತುಂಬಿದ ಸಭೆಯಲ್ಲಿ ಸೀರೆ ಎಳೆಸಿದವನು, ಕೊನೆಯ ಉಸಿರಿನಲ್ಲಿ ಶತ್ರುವಿನ ಮಕ್ಕಳಿಗೆ ಮರುಗುತ್ತಾನೆ. ಕೌರವನ ಜೀವನದಲ್ಲಿ ಅದಕ್ಕಿಂತ ಎತ್ತರದ ಗಳಿಗೆ ಇನ್ನೊಂದು ಉಂಟಾ? ಅದು ಗದಾಯುದ್ಧದಲ್ಲಿ ಇಲ್ಲ. ರಕ್ತ ಹರಿದ ಮೇಲೆಯೇ ಬರುವುದು. ನೀವು ಯಾವ ದುಃಖ ಜನರಿಗೆ ಉಳಿಯಬೇಕು ಅಂತ ಹೇಳುತ್ತೀರೋ, ಅದು ಪೂರ್ತಿಯಾಗುವುದೇ ನೀವು ಬೇಡ ಅಂತ ಹೇಳಿದ ಪ್ರಸಂಗದಲ್ಲಿ.

— ನಿಲ್ಲು, ನಿಲ್ಲು. ಇಷ್ಟು ವರ್ಷ ಗದಾಯುದ್ಧ ಕೇಳಿದ್ದೇನೆ. ಅವನು ಬಿದ್ದ ಕೂಡಲೇ ಸತ್ತ ಹಾಗೆಯೇ ಎದ್ದು ಬಂದಿದ್ದೇವೆ ನಾವೆಲ್ಲ.

— ಭಾಸನ ‘ಊರುಭಂಗ’ದಲ್ಲಿ ಅಲ್ಲಿಗೇ ಸಾಯುತ್ತಾನೆ. ಸಣ್ಣ ಮಗ ದುರ್ಜಯ ಬಂದು ಅಪ್ಪನ ತೊಡೆಯ ಮೇಲೆ ಕೂರಬೇಕು ಅಂತ ಹಟ ಮಾಡುತ್ತಾನೆ, ಆ ತೊಡೆಯೇ ಮುರಿದಿದೆ. ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಅಲ್ಲಿಯೂ ನೋಡಿ, ಬಿಲ್ಲು ಬಿಡು ಅಂತ ಬೇಡಿದರೂ ಅಶ್ವತ್ಥಾಮ ಕೇಳುವುದಿಲ್ಲ. ಮಲಗಿದವರನ್ನು ಕೊಲ್ಲಲು ಹೊರಟೇ ಬಿಡುತ್ತಾನೆ. ನಾಟಕ ಮುಗಿಯುವುದು ಆ ಹೊರಡುವಿಕೆಯಲ್ಲಿ. ಭಾಸನೂ ಬಾಗಿಲು ಮುಚ್ಚಲಿಲ್ಲ. ಭಯ ಹೊರಗಿನಿಂದ ತಂದು ಅಂಟಿಸಿದ್ದಲ್ಲ ಮಾಷ್ಟ್ರೆ, ಈ ಕಥೆಯ ಹೊಟ್ಟೆಯಲ್ಲೇ ಇದ್ದದ್ದು.

— ಸರಿ. ಪ್ರಸಂಗ ಬೇಕು ಅಂತ ಒಪ್ಪಿದೆ. ಆದರೆ ಮಾಡುವ ರೀತಿಗೆ ನನ್ನ ಶರತ್ತು ಉಂಟು. ತಾಳಮದ್ದಳೆಯಲ್ಲಿ ವೇಷ ಇಲ್ಲ, ದೊಂದಿ ಇಲ್ಲ, ರಾಳ ಇಲ್ಲ. ಪದ ಮತ್ತು ಅರ್ಥ ಮಾತ್ರ. ರಕ್ತವನ್ನು ವರ್ಣಿಸುತ್ತ ಕೂರಬೇಡಿ. ಚೆಂಡೆಯ ಪೆಟ್ಟಿಗೆ ಸಭೆ ಬೆಚ್ಚಿಬೀಳುವುದು ಸುಲಭದ ಕೆಲಸ, ಅದಕ್ಕೆ ಅರ್ಥಧಾರಿ ಬೇಕಾಗಿಲ್ಲ. ಬೇಡ ಎಂದ ಕೃಪ ಬಾಗಿಲಲ್ಲಿ ಖಡ್ಗ ಹಿಡಿದು ನಿಂತನಲ್ಲ, ಅವನ ಬಾಯಿಂದ ನನಗೆ ಮಾತು ಕೇಳಬೇಕು. ಬುದ್ಧಿ ಹೇಳಿದವನೇ ಯಾಕೆ ಜೊತೆಗೆ ಹೋದ? ನಮ್ಮಲ್ಲಿ ಹೆಚ್ಚಿನವರು ಅಶ್ವತ್ಥಾಮರಲ್ಲ, ಕೃಪರು. ಸಭೆ ನಿಜವಾಗಿ ಹೆದರಬೇಕಾದದ್ದು ಅಲ್ಲಿ.

— ಕೃಪನ ಪಾತ್ರಕ್ಕೆ ಜನ ಇಲ್ಲ ಅಂತ ಬಿಡುವ ಯೋಚನೆಯಲ್ಲಿದ್ದೆವು.

— ಬಿಡಲೇಬಾರದು. ಇನ್ನೊಂದು, ತಲೆಗಳನ್ನು ಕಂಡು ಕೌರವ ಸಾಯುವಲ್ಲಿಗೆ ನಿಲ್ಲಿಸುತ್ತೀರೋ, ಮುಂದೆ ಹೋಗುತ್ತೀರೋ?

— ದ್ರೌಪದಿಯವರೆಗೆ ಹೋಗಬೇಕು ಅಂತ ನನ್ನ ಮನಸ್ಸು. ಭಾಗವತದ ದ್ರೌಪದಿ. ಅಶ್ವತ್ಥಾಮನನ್ನು ಕಟ್ಟಿ ಎಳೆದು ತರುತ್ತಾರೆ. ಐದೂ ಮಕ್ಕಳನ್ನು ಕಳಕೊಂಡವಳು, ಬಿಟ್ಟುಬಿಡಿ ಅನ್ನುತ್ತಾಳೆ. ನಾನು ಅಳುವ ಹಾಗೆ ಇವನ ತಾಯಿ ಕೃಪಿ ಅಳುವುದು ಬೇಡ ಅಂತ. ಭೀಮ ಒಪ್ಪುವುದಿಲ್ಲ. ಕೊಂದೇ ಬಿಡಬೇಕು ಅನ್ನುತ್ತಾನೆ. ಕೊನೆಗೆ ಶಿರೋಮಣಿ ಕಿತ್ತು ಅಟ್ಟುತ್ತಾರೆ. ಸೇಡಿಗೆ ಸೇಡು ಅಂತ ಸಾಗಿ ಬಂದ ಇಡೀ ಭಾರತದಲ್ಲಿ ಸಾಕು ಅಂತ ಹೇಳಿದವಳು ಅವಳು, ಅದೂ ಹೇಳಲು ಯಾರಿಗೂ ಸಾಧ್ಯವಿಲ್ಲದ ದಿನ. ಹೊಸ ಕಾಲದ ಎರಡನೇ ಭಾಗಗಳಲ್ಲಿ ನನಗೆ ಸಿಟ್ಟು ಬರುವುದು ಇದಕ್ಕೇ. ಕೊಂದವನ ಹಿಂದೆ ಓಡುತ್ತವೆ, ಉಳಿದವರ ಮನೆಗೆ ಹೋಗುವುದಿಲ್ಲ.

— ಸೌಪ್ತಿಕದಲ್ಲಿ ಅವಳು ಮಣಿ ತಂದುಕೊಡದಿದ್ದರೆ ಪ್ರಾಣ ಬಿಡುತ್ತೇನೆ ಅಂತ ಹಟ ಹಿಡಿದು ಕೂತವಳು.

— ಗೊತ್ತುಂಟು. ಎರಡೂ ಅವಳೇ. ಹಟದಿಂದ ಶುರು ಮಾಡಿ ಕೃಪಿಯ ಹೆಸರು ಬರುವಲ್ಲಿಗೆ ಮುಟ್ಟುವಷ್ಟು ಹೊತ್ತು ಅವಳಿಗೆ ಕೊಡಬೇಕು. ಅವಸರ ಮಾಡಿದರೆ ಪುರಾಣದ ಉಪದೇಶ ಆಗುತ್ತದೆ.

— ಹೊತ್ತು ಬೇಕಾದರೆ ಗದಾಯುದ್ಧದ ಮೊದಲಿನ ಪದಗಳನ್ನು ಕಡಿಮೆ ಮಾಡಿ. ಸರೋವರದ ಮೂದಲಿಕೆಯಲ್ಲಿ ಭೀಮನಿಗೆ ಅಷ್ಟು ಪದ ಬೇಕಾಗಿಲ್ಲ. ಅಶ್ವತ್ಥಾಮ ಯಾರು?

— ನಾನೇ. ಒಂದು ವಿಷಯ ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ವ್ಯಾಸರ ಅಶ್ವತ್ಥಾಮನಿಗೆ ತಾನು ಕೊಲ್ಲುವುದು ದ್ರೌಪದಿಯ ಮಕ್ಕಳನ್ನು ಅಂತ ಗೊತ್ತುಂಟು. ನಮ್ಮಲ್ಲಿ ಅವನು ಪಾಂಡವರನ್ನೇ ಕೊಂದೆ ಅಂತ ನಂಬಿ ತಲೆ ತರುತ್ತಾನೆ. ಗೊತ್ತಿದ್ದು ಮಾಡಿದವನೋ, ಗೊತ್ತಿಲ್ಲದೆ ಮಾಡಿದವನೋ, ಪೀಠಿಕೆ ಹೇಳುವ ಮೊದಲು ನನಗೆ ತೀರ್ಮಾನ ಆಗಬೇಕು.

— ಗೊತ್ತಿಲ್ಲದವನನ್ನೇ ಮಾಡು. ಕೌರವ ಹೇಳಿದ ಮೇಲೆ ತಿಳಿಯಲಿ.

— ಹಾಗಾದರೆ ಶತಾನೀಕ ಚಕ್ರ ಎಸೆಯುವಾಗ? ಮೀಸೆ ಚಿಗುರಿದ ಹುಡುಗನ ಮುಖ ಎದುರಿಗೇ ಇತ್ತಲ್ಲ. ಆಗ ಗೊತ್ತಾಗಲಿಲ್ಲ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ ಮಾಷ್ಟ್ರೆ. ಕಂಡಿದ್ದಾನೆ, ಕಂಡದ್ದನ್ನು ಒಪ್ಪಲಿಲ್ಲ ಅಂತ ಅರ್ಥ ಹೇಳಿದರೆ?

— ಹೇಳು. ಆದರೆ ಆ ಮಾತು ಪೀಠಿಕೆಯಲ್ಲಿ ಬೇಡ. ತಲೆಗಳನ್ನು ಕೌರವನ ಮುಂದೆ ಇಟ್ಟ ಮೇಲೆ ಬರಲಿ. ಕೌರವನ ಅರ್ಥ ಹೇಳುವವಳಿಗೆ ಇವತ್ತೇ ತಿಳಿಸಿಬಿಡು, ಅವಳೂ ಎದುರುತ್ತರ ಯೋಚಿಸಿಕೊಂಡು ಬರಬೇಕು. ಭಾಗವತರ ಹತ್ತಿರ ನಾನು ಮಾತಾಡುತ್ತೇನೆ.